ಆಮೇಲಕ್ಕ ಕುಳಿತು ಉಂಡ ಸಂಜೆ

ಹಸಿದವರ ಮುಖವನ್ನು ದೂರದಿಂದಲೇ ಅರಿಯಬಲ್ಲವರು. ಬಡಿಸುವ ಕೈಯಲ್ಲಿ ತನ್ನವರು, ಪರರು ಎಂಬ ಭೇದವನ್ನು ಇಟ್ಟುಕೊಳ್ಳದವರು. ಉಪ್ಪು ಹೆಚ್ಚಾಯಿತೆಂದು ಗೊಣಗಿದವರನ್ನೂ ನಗಿಸಿ ಇನ್ನೊಂದು ಸೌಟು ಬಡಿಸಬಲ್ಲವರು. ಮಾತಿನಲ್ಲಿ ಮಿತರು, ದುಡಿಮೆಯಲ್ಲಿ ಅಮಿತರು. ಕೋಪತಾಪಗಳನ್ನು ಒಲೆಯ ಮುಂದೆಯೇ ಬಿಟ್ಟು ಮನೆಗೆ ಹಗುರಾಗಿ ಬರುತ್ತಿದ್ದವರು. ಎಲ್ಲರೂ ಉಂಡೆದ್ದ ಮೇಲೆ ಉಳಿದುದನ್ನೇ ದೇವರ ದಯೆಯೆಂದು ಕಣ್ಣಿಗೊತ್ತಿಕೊಂಡು ಉಂಡವರು. ಅಂಥ ತಾಯಿಯೊಬ್ಬರ ಕಥೆ ಇದು. ಅವರು ಅಡುಗೆ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಜೊತೆಗಾರರು ಇಟ್ಟ ಹೆಸರು ಆಮೇಲಕ್ಕ. ನೀನೂ ಒಂದು ತುತ್ತು ತಿನ್ನು ಎಂದು ಯಾರು ಕರೆದರೂ ‘ಆಮೇಲೆ’ ಎಂಬ ಒಂದೇ ಉತ್ತರ ಬರುತ್ತಿದ್ದುದರಿಂದ ಅಂಟಿಕೊಂಡ ಹೆಸರದು. ಕೊನೆಕೊನೆಗೆ ದೊಡ್ಡ ಡಾಕ್ಟರೂ ಹಾಗೆಯೇ ಕರೆಯತೊಡಗಿದ್ದರು.

ಅವರ ಯಜಮಾನರು ಬಸ್ ಚಾಲಕರು. ಸಜ್ಜನರೇ; ಆದರೆ ಹಸಿವಾದರೆ ಮಾತ್ರ ಬ್ರೇಕು ಹಿಡಿಯದ ಗಾಡಿ. ಇವರು ಆಸ್ಪತ್ರೆಯಿಂದ ಬರುವ ಹೊತ್ತಿಗೆ ಅವರು ಡಿಪೋಗೆ ಹೊರಟಿರುತ್ತಿದ್ದರು. ರಜೆಯ ದಿನ ಇಬ್ಬರೂ ಮನೆಯಲ್ಲಿದ್ದರೂ ಅವರು ಕುಳಿತಿರುತ್ತಿದ್ದರು, ಇವರು ಸೌಟು ಹಿಡಿದು ನಿಂತಿರುತ್ತಿದ್ದರು. ಹೀಗಾಗಿ ಸಂಸಾರ ಹೂಡಿದಂದಿನಿಂದ ಗಂಡಹೆಂಡಿರು ಎದುರುಬದುರು ಕುಳಿತು ಒಂದು ಹೊತ್ತೂ ಉಂಡವರಲ್ಲ. ಅದೊಂದು ಆಸೆ ಆಮೇಲಕ್ಕನ ಎದೆಯ ಮೂಲೆಯಲ್ಲಿ ಹಾಗೆಯೇ ಉಳಿದಿತ್ತು. ಬಾಯಿಬಿಟ್ಟು ಯಾರೊಡನೆಯೂ ಹೇಳಿರಲಿಲ್ಲ. ಹೇಳಿದ್ದರೆ ದೇವರೊಬ್ಬನಿಗೆ ಹೇಳಿದ್ದಾರು.

ಇಬ್ಬರೂ ನಿವೃತ್ತರಾದ ಮೇಲೆ ಮಗಳು ಅವರನ್ನು ಹಡಗಿನ ಪ್ರವಾಸಕ್ಕೆ ಕರೆದೊಯ್ದಳು. ಅಲ್ಲಿಯ ದೊಡ್ಡ ಊಟದ ಹಜಾರದಲ್ಲಿ ತಟ್ಟೆ ಹಿಡಿದು ಬೇಕಾದುದನ್ನು ತಾವೇ ಹಾಕಿಕೊಳ್ಳಬೇಕು. ಆಮೇಲಕ್ಕ ಗಂಡನಿಗೊಂದು ತಟ್ಟೆ, ಮಗಳಿಗೊಂದು ತಟ್ಟೆ ತಂದಿಟ್ಟು, ಪಕ್ಕದ ಮೇಜಿನ ಅಪರಿಚಿತರ ಮಕ್ಕಳಿಗೂ ರೊಟ್ಟಿ ಹಂಚುವಷ್ಟರಲ್ಲಿ ತಮ್ಮ ಪಾಲಿನ ಸೂಪು ಆರಿ ತಣ್ಣಗಾಗುತ್ತಿತ್ತು. “ಅಮ್ಮ, ನೀನಿಲ್ಲಿ ಕೆಲಸಕ್ಕೆ ಸೇರಿಲ್ಲ, ಕೂತ್ಕೋ” ಎಂದು ಮಗಳು ಗದರಿದರೂ ಕಾಲು ನಿಲ್ಲುತ್ತಿರಲಿಲ್ಲ.

ಮೇಲಂತಸ್ತಿನಲ್ಲಿ ಇನ್ನೊಂದು ವಿಶೇಷ ರೆಸ್ಟೋರೆಂಟ್ ಇತ್ತು. ಬಿಳಿಯ ಮೇಜುಬಟ್ಟೆ, ಕುಳಿತಲ್ಲಿಗೇ ತಂದು ಬಡಿಸುವ ಪರಿಚಾರಕರು. ಮಗಳು ಕೊಂಡ ಟಿಕೆಟ್ಟಿನಲ್ಲಿ ತಂದೆತಾಯಿಗೆ ಅಲ್ಲಿ ಒಂದು ಸಂಜೆಯ ಊಟ ಸೇರಿತ್ತು. ಯಾವ ಸಂಜೆಯೆಂಬುದನ್ನು ಅವರೇ ಆರಿಸಬೇಕು. ಅಲ್ಲಿ ತಾನು ಎದ್ದು ಬಡಿಸುವ ಹಾಗಿಲ್ಲ ಎಂಬುದು ತಿಳಿದೊಡನೆ ಆಮೇಲಕ್ಕನ ಹಳೆಯ ಆಸೆ ಮೆಲ್ಲನೆ ತಲೆಯೆತ್ತಿತು.

ಮೊದಲ ಸಂಜೆಯೇ ಹೋಗೋಣವೆಂದರು ಯಜಮಾನರು. ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಲಿ ಎಂದಳು ಮಗಳು. ಹಡಗಿನವರೆಲ್ಲ ಸಿಂಗರಿಸಿಕೊಂಡು ಬರುವ ಔತಣದ ಸಂಜೆ ಗದ್ದಲ. ಕೊನೆಯ ಸಂಜೆ ಪೆಟ್ಟಿಗೆ ಕಟ್ಟುವ ಚಿಂತೆ. ಆಮೇಲಕ್ಕ ಯೋಚಿಸಿದ್ದು ಅಡುಗೆಯವರ ಕಡೆಯಿಂದ. ಹಡಗು ಬಂದರಿನಲ್ಲಿ ನಿಲ್ಲುವ ದಿನ ಬಹುಮಂದಿ ಊರು ಸುತ್ತಿ ಹೊರಗೇ ಉಣ್ಣುತ್ತಾರೆ, ಅಂದು ಅಡುಗೆಯವರಿಗೆ ಬಿಡುವಿರುತ್ತದೆ, ಬಿಡುವಾಗಿ ಮಾಡಿದ್ದಕ್ಕೆ ರುಚಿ ಹೆಚ್ಚು. ಇದೇ ಲೆಕ್ಕವನ್ನು ಹಡಗಿನ ಅರ್ಧ ಜನ ಹಾಕಿದ್ದರೆಂಬುದು ಆ ಸಾಧ್ವಿಗೆ ಹೇಗೆ ತಿಳಿಯಬೇಕು?

ಸ್ಥಳ ಕಾದಿರಿಸಲು ಆಮೇಲಕ್ಕ ಒಬ್ಬರೇ ಹೋದರು. ಕೌಂಟರಿನ ಹುಡುಗಿ ಅದೇ ಸಂಜೆಗೆ ಇಬ್ಬರ ಹೆಸರನ್ನೂ ಬರೆದುಕೊಂಡು, ಊಟ ಎರಡು ಸರದಿಯಲ್ಲಿ ನಡೆಯುವುದೆಂದು ತಿಳಿಸಿ, “ಮೊದಲನೇ ಸರದಿನಾ, ಆಮೇಲಿನದಾ?” ಎಂದು ಕೇಳಿದಳು.

‘ಆಮೇಲೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾಲಗೆ ತನ್ನ ಹಳೆಯ ಹಾದಿ ಹಿಡಿಯಿತು.

“ಅವರಿಗೆ ಮೊದಲು ಹಾಕಮ್ಮ. ನನಗೆ ಆಮೇಲೆ.”

ಹುಡುಗಿ ಒಮ್ಮೆ ಮುಖ ನೋಡಿದಳು, ಹೇಳಿದಂತೆಯೇ ಬರೆದಳು.

ಆ ಸಂಜೆ ಆಮೇಲಕ್ಕ ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆಸೀರೆ ಉಟ್ಟರು. ಬಾಗಿಲಲ್ಲಿದ್ದ ಪರಿಚಾರಕ ಯಜಮಾನರನ್ನು ಒಳಗೆ ಕರೆದು, ಇವರಿಗೆ ಮುಂದಿನ ಸರದಿಯೆಂದು ವಿನಯದಿಂದ ತಡೆದನು. ಒಳಹೊಕ್ಕವರು ಕಂಡದ್ದು ಒಂಟಿ ಕುರ್ಚಿ, ಒಂದೇ ತಟ್ಟೆ. ಹೋದ ಹಾಗೆಯೇ ಹಿಂದಿರುಗಿದರು.

“ಏನೇ ಇದು? ಊಟಕ್ಕೂ ನನಗೊಂದು ಪಾಳಿ, ನಿನಗೊಂದು ಪಾಳಿ ಹಂಚಿಬಿಟ್ಟೆಯಾ?”

ಆಮೇಲಕ್ಕನಿಗೆ ಆಗ ತಮ್ಮ ನಾಲಗೆಯ ಎಡವಟ್ಟು ಹೊಳೆಯಿತು. ಮುಖ ಬಾಡಿತು. “ನೀವು ಉಂಡು ಬನ್ನಿ. ನಿಮಗೆ ಹಸಿವು ತಡೆಯಲ್ಲ,” ಎಂದರು, ಆದರೆ ಸೆರಗಿನ ತುದಿ ಕಣ್ಣಿಗೆ ಹೋಗಿತ್ತು. ಗಂಡ ಅದನ್ನು ಕಂಡರು. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಸುಳಿವನ್ನೂ ಕಾಣುತ್ತಿದ್ದ ಆ ಕಣ್ಣು ಮನೆಯವಳ ಮುಖವನ್ನು ಅಷ್ಟು ನಿಧಾನವಾಗಿ ನೋಡಿದ್ದು ಅಂದೇ ಇರಬೇಕು.

“ನನ್ನನ್ನೂ ಆಮೇಲಿಗೆ ಹಾಕಪ್ಪ,” ಎಂದರು ಪರಿಚಾರಕನಿಗೆ.

ಎರಡನೆಯ ಸರದಿ ತುಂಬಿಹೋಗಿದೆಯೆಂದ ಅವನು. ಯಜಮಾನರು ಅಲುಗಲಿಲ್ಲ. ಅಷ್ಟರಲ್ಲಿ, ತಡವಾದ ಸರದಿಗೆ ಹೆಸರು ಕೊಟ್ಟು ಹಸಿವು ತಾಳದೆ ಬೇಗನೆ ಬಂದು ನಿಂತಿದ್ದ ಒಂಟಿ ಪ್ರಯಾಣಿಕ ಹೆಂಗಸೊಬ್ಬರು ಹಿಂದಿನಿಂದ ದನಿಗೂಡಿಸಿದರು.

“ಅವರ ಜಾಗ ನನಗೆ ಕೊಡಿ, ನನ್ನದು ಅವರಿಗಿರಲಿ. ನಿಮಗೂ ಪುಣ್ಯ, ನನ್ನ ಹೊಟ್ಟೆಗೂ ಪುಣ್ಯ.”

ಪರಿಚಾರಕ ನಕ್ಕು ಒಪ್ಪಿದನು. ಮೊದಲ ಸರದಿ ಮುಗಿಯುವವರೆಗೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಸಮುದ್ರ ನೋಡುತ್ತ ಕುಳಿತರು. ಯಜಮಾನರ ಹೊಟ್ಟೆ ಗುರುಗುಟ್ಟಿತು; ಬಾಯಿ ಮಾತ್ರ ಗೊಣಗಲಿಲ್ಲ. ಕಾಯುವುದು ಹೀಗಿರುತ್ತದೆಯೇ ಎಂದು ಒಮ್ಮೆ ಕೇಳಿದರು. ದಿನಾ ಇದ್ದರೆ ಅಭ್ಯಾಸವಾಗುತ್ತದೆ ಎಂದು ಆಮೇಲಕ್ಕ ನಕ್ಕರು.

ಒಳಗೆ ಕಿಟಕಿಯ ಬದಿಯ ಪುಟ್ಟ ಮೇಜಿಗೆ ಇನ್ನೊಂದು ಕುರ್ಚಿ ಬಂದಿತ್ತು. ಗಂಡನ ಲೋಟ ಬರಿದಾಗಿರುವುದನ್ನು ಕಂಡು ಆಮೇಲಕ್ಕ ಏಳಹೊರಟರು. “ಕೂತ್ಕೋ,” ಎಂದು ಯಜಮಾನರೇ ಹೂಜಿ ಎತ್ತಿ, ಮೊದಲು ಹೆಂಡತಿಯ ಲೋಟಕ್ಕೆ ನೀರು ಬಗ್ಗಿಸಿದರು. ಸ್ವಲ್ಪ ಚೆಲ್ಲಿತು, ಅಭ್ಯಾಸವಿಲ್ಲದ ಕೈ. ಬಿಸಿಬಿಸಿ ಸೂಪಿನ ಮುಂದೆ ಆಮೇಲಕ್ಕ ಕಣ್ಣುಮುಚ್ಚಿ ಕ್ಷಣಕಾಲ ಕೈಮುಗಿದರು: ದೇವರಿಗೆ, ಮಗಳಿಗೆ, ಜಾಗ ಬದಲಿಸಿಕೊಂಡ ಆ ಹೆಣ್ಣುಮಗಳಿಗೆ, ಒಳಗೆಲ್ಲೋ ಒಲೆಯ ಮುಂದೆ ಬೆವರುತ್ತಿದ್ದ ಅಡುಗೆಯವರಿಗೆ. ಯಾವುದಕ್ಕೆ ಉಪ್ಪು ಸಾಲದು, ಯಾವುದು ಚೆನ್ನ ಎಂಬುದು ಅವರಿಗೆ ಆಮೇಲೆ ನೆನಪೇ ಉಳಿಯಲಿಲ್ಲ.

ಊಟ ಮುಗಿಯುತ್ತ ಬಂದಾಗ ಪರಿಚಾರಕ ಸಿಹಿ ಈಗಲೋ ಆಮೇಲೋ ಎಂದು ಕೇಳಿದನು. ಯಜಮಾನರು ತುಟಿಯಂಚಿನಲ್ಲಿ ನಗುತ್ತ ಹೆಂಡತಿಯ ಮುಖ ನೋಡಿದರು.

“ಇಬ್ಬರಿಗೂ ಒಟ್ಟಿಗೇ ತಾರಪ್ಪ,” ಎಂದರು ಆಮೇಲಕ್ಕ.

ಊರ ರೋಗಿಗಳಿಗೆಲ್ಲ ಉಣಬಡಿಸಿದ ಆ ತಾಯಿಯ ಕೈ ತಂಪಾಗಿರಲಿ. ಆ ದಂಪತಿಗಳ ಮೇಜಿನ ಮೇಲೆ ಎರಡು ತಟ್ಟೆ ಎಂದೂ ಜೊತೆಯಾಗಿರಲಿ. ಮಗಳ ಮನೆಯ ಒಲೆ ಆರದಿರಲಿ, ಬಂದವರಿಗೆಲ್ಲ ಅಲ್ಲಿ ಒಂದು ಕುರ್ಚಿ ಹೆಚ್ಚಾಗಿಯೇ ಇರಲಿ. ದಯಾಮಯನಾದ ದೇವರು ಆ ಮನೆತನವನ್ನು ಉಂಡು ಉಣಿಸುವ ಸಂತೋಷದಲ್ಲಿ ಚಿರಕಾಲ ಕಾಪಾಡಲಿ.