ನೋವು ತಿಳಿಯದ ಪಾದ

ನಮ್ಮ ಯಜಮಾನರ ಪಾದಕ್ಕೆ ನೋವು ತಿಳಿಯುತ್ತಿರಲಿಲ್ಲ. ಮುಳ್ಳು ತುಳಿದರೂ ಸುಮ್ಮನೆ ನಡೆದುಬಿಡುತ್ತಾನೆ, ಗಂಡಸೆಂದರೆ ಹೀಗಿರಬೇಕು ಎಂದು ಊರಿನವರು ಹೊಗಳುತ್ತಿದ್ದರು. ಹೊಗಳುವವರಿಗೇನು ಹೋಗಬೇಕು.

ಅವರಿಗೆ ಸಕ್ಕರೆ ಕಾಯಿಲೆ. ಎಂಬತ್ತನೇ ಇಸವಿಯ ಆಚೀಚೆ ನಮ್ಮ ವಕ್ಕಲೇರಿ ಕಡೆ ಅದು ಪೇಟೆಯವರ ಕಾಯಿಲೆ, ಕೂತು ಉಣ್ಣುವವರ ಕಾಯಿಲೆ ಎನ್ನುತ್ತಿದ್ದರು. ನೇಗಿಲು ಹಿಡಿಯುವ ಮಗನಿಗೆ ಅದು ಬಂದಿದೆ ಎಂದರೆ ನಮ್ಮತ್ತೆ ನಂಬಲಿಲ್ಲ. ಕೋಲಾರದ ಡಾಕ್ಟರು ಮಾತ್ರೆ ಕೊಟ್ಟರು, ಬೆಲ್ಲ ಬಿಡಿಸಿದರು, ಮುದ್ದೆ ಚಿಕ್ಕದು ಮಾಡಿಸಿದರು. ಆಮೇಲೆ ಗುಂಡುಸೂಜಿಯಿಂದ ಅಂಗಾಲು ಚುಚ್ಚಿ ನೋಡಿ, ಇವರನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನೋಡಮ್ಮ, ಈ ಕಾಲಿಗೆ ಗಾಯ ಆದ್ರೆ ಇವರಿಗೆ ಗೊತ್ತಾಗಲ್ಲ. ನೀನು ದಿನಾ ನೋಡ್ಬೇಕು. ಮನೆ ಒಳಗೂ ಚಪ್ಪಲಿ ಹಾಕಿರ್ಬೇಕು. ಗಾಯ ಮಾಗದಿದ್ರೆ ಕಾಲೇ ತೆಗೀಬೇಕಾಗುತ್ತೆ.”

ಹೊಲಕ್ಕೆ ಹಾಕಿದರು. ಅಡುಗೆಮನೆಗೂ ಹಾಕಿದರು, ಅತ್ತೆ ಗೊಣಗಿ ಸುಮ್ಮನಾದರು. ಆದರೆ ಹುಳದ ಮನೆಗೆ? ಬೇಡವೇ ಬೇಡ ಎಂದರು ಅತ್ತೆ. ರೇಷ್ಮೆ ಹುಳ ಸಾಕುವ ಕೋಣೆಗೆ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದು ಒಳಗೆ ಕಾಲಿಡಬೇಕು. ಅದು ಬರೀ ಮಡಿಯ ಮಾತಲ್ಲ. ಹೊರಗಿನ ಕೊಳೆ ಬಂದರೆ ಹುಳ ಊದಿಕೊಂಡು ಹಾಲಿನಂಥ ನೀರು ಸುರಿಸಿ ಸಾಯುತ್ತದೆ. ಮನೆಗಟ್ಟಲೆ ಹುಳ ಗುಂಡಿಗೆ ಸುರಿದದ್ದನ್ನು ನಾನೇ ಕಂಡಿದ್ದೇನೆ. ಡಾಕ್ಟರು ಹೇಳಿದ್ದೂ ಸರಿ, ಅತ್ತೆ ಹೇಳಿದ್ದೂ ಸರಿ. ಇವರು ಅಮ್ಮನ ಮಾತು ಕೇಳಿದರು.

ಆ ಸಲ ಹುಳ ಕೊನೆಯ ಜ್ವರದಿಂದ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎದ್ದ ಮೇಲೆ ಅವುಗಳಿಗೆ ಸೊಪ್ಪು ಹಾಕಿದಷ್ಟೂ ಸಾಲದು. ಆ ವಾರ ಮನೆಯಲ್ಲಿ ಯಾರಿಗೂ ಕೂರಲು ಹೊತ್ತಿರುವುದಿಲ್ಲ. ಪಾದ ನೋಡುವ ಕೆಲಸ ತಪ್ಪಿಹೋಗಿತ್ತು.

ಒಂದು ಬೆಳಿಗ್ಗೆ ಹುಳ ಮೇಯುವ ಬಿದಿರು ತಟ್ಟೆಗಳ ಕೆಳಗೆ ಹಿಕ್ಕೆ ಗುಡಿಸುತ್ತಿದ್ದೆ. ನೆಲದ ಸುಣ್ಣದ ಮೇಲೆ ಒಂದು ಒದ್ದೆ ಕಲೆ. ಹುಳಕ್ಕೆ ರೋಗ ಬಂತು ಎಂದುಕೊಂಡೆ. ಬಗ್ಗಿ ನೋಡಿದರೆ ಕೆಂಪು. ಅದರಾಚೆ ಇನ್ನೊಂದು, ಆಚೆಗೆ ಮತ್ತೊಂದು. ಕೊನೆಯ ಕಲೆಯ ಮೇಲೆ ಇವರೇ ನಿಂತು ಸೊಪ್ಪು ಹಾಕುತ್ತಿದ್ದರು.

“ಕಾಲೆತ್ತಿ.”

“ಯಾಕೇ, ಲಾಳ ಹೊಡೀತೀಯಾ?”

“ಎತ್ತಿ ಅಂದೆ.”

ತಟ್ಟೆಯ ಬಿದಿರಿನ ಸಿಬರೊಂದು ಬೆರಳುಗಳ ಬುಡದಲ್ಲಿ ಹೊಕ್ಕು ಕೂತಿತ್ತು. ಸುತ್ತ ಊದಿ ನೀಲಿಗಟ್ಟಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ಕಪ್ಪಾಗಿದ್ದವು. ಸಿಬರು ಹಿಡಿದೆಳೆದೆ. ಕೀವು ಬಂತು, ಕೆಟ್ಟ ನಾತ. ಅವರ ಮುಖ ಅಲುಗಲಿಲ್ಲ.

“ಯಾವಾಗ ಚುಚ್ಚಿದ್ದು ಇದು?”

“ಗೊತ್ತಿಲ್ಲ ಕಣೇ.”

ಸಿಬರು ಎಸೆದು ಎದ್ದೆ. “ನಡೀರಿ ಕೋಲಾರಕ್ಕೆ. ಈಗಲೇ.”

“ಲೇ, ತಲೆ ಕೆಟ್ಟಿದೆಯಾ? ಹುಳ ಹಣ್ಣಾಗ್ತಾ ಇದೆ. ಚಂದ್ರಿಕೆಗೆ ಬಿಟ್ಟು ಹೋಗೋಣ, ನಾಳಿದ್ದು.”

ಮೇವು ಬಿಟ್ಟು, ಮೈ ಹಳದಿಗೆ ತಿರುಗಿ ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ಸುರುಳಿಗೆ ಬಿಡಬೇಕು. ತಡವಾದರೆ ಹಿಕ್ಕೆಯಲ್ಲೇ ನೂಲು ಸುರಿಸಿ ಹಾಳಾಗುತ್ತವೆ. ನನಗೆ ಗೊತ್ತಿಲ್ಲದ್ದೇನಲ್ಲ. ಕಪ್ಪು ಬೆರಳೂ ಕಾಣುತ್ತಿತ್ತು.

ಸದ್ದಿಗೆ ಅತ್ತೆ ಬಂದರು. ಆಂಧ್ರದ ಗಡಿಯ ನಂಗಲಿ ಕಡೆಯವರು, ಗಾಬರಿಯಾದರೆ ಬಾಯಲ್ಲಿ ತೆಲುಗೇ ಬರುತ್ತಿತ್ತು. “ಅಯ್ಯೋ ದೇವುಡಾ, ಇಷ್ಟಕ್ಕೆ ಆಸ್ಪತ್ರೆನಾ? ಕಾವು ಕೊಟ್ರೆ ಇಳೀತದೆ.” ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಬಟ್ಟೆ ಸುತ್ತಿ ತಂದರು. ಊತಕ್ಕೆ ನಮ್ಮ ಮನೆಯ ಮದ್ದು ಅದೇ. ಇವರು ಜಗಲಿಯಲ್ಲಿ ಕಾಲು ಚಾಚಿ ಕೂತೇಬಿಟ್ಟರು.

ನಾನು ಅತ್ತೆಯ ಕೈ ಹಿಡಿದು ಆ ಇಟ್ಟಿಗೆಯ ಮೇಲೆ ಒತ್ತಿದೆ.

“ಏಮೇ ಇದಿ! ಸುಡ್ತದೆ!”

“ನಿಮಗೆ ಸುಡ್ತು, ಕೈ ತೆಗೆದ್ರಿ. ನಿಮ್ಮ ಮಗ ತೆಗೆಯಲ್ಲ. ಚರ್ಮ ಬೆಂದು ಕಿತ್ತು ಬಂದ್ರೂ ಹಿಂಗೇ ಕೂತಿರ್ತಾರೆ.”

ಅತ್ತೆ ಬಾಯಿಗೆ ಬಂದಂತೆ ಬೈದರು. ಬೈಯುತ್ತಲೇ ಇಟ್ಟಿಗೆ ಕೆಳಗಿಟ್ಟು, ಮಗನ ಅಂಗಾಲಿನ ಮೇಲೆ ಉಗುರಿನಿಂದ ಗೀರಿದರು. ಇನ್ನೊಮ್ಮೆ ಜೋರಾಗಿ ಗೀರಿದರು. ಇವರು ಹುಳದ ಮನೆಯ ಕಡೆಗೇ ನೋಡುತ್ತಿದ್ದರು. ಗೀರಿದ್ದು ತಿಳಿದೇ ಇರಲಿಲ್ಲ.

ಅತ್ತೆಯ ಬೈಗುಳ ನಿಂತಿತು. “ಹೋಗ್ರಿ. ಹುಳ ನಾನ್ ನೋಡ್ತೀನಿ.”

“ನಿನ್ ಕಣ್ಣಿಗೆ ಹಣ್ಣು ಯಾವುದು, ಕಾಯಿ ಯಾವುದು ಅಂತ ಕಾಣಲ್ಲ ಕಣಮ್ಮ.”

“ಮುಟ್ಟಿದ್ರೆ ತಿಳೀತದೆ. ಪೋರಾ, ಹೋಗು!”

ಬಸ್ಸಿಗೆ ಕಾಯದೆ ತರಕಾರಿ ಲಾರಿಗೆ ಕೈ ಅಡ್ಡ ಹಿಡಿದೆ. ಮೂಟೆಗಳ ಮೇಲೆ ಕೂತು ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ದಾರಿಯುದ್ದಕ್ಕೂ ಅವರದು ಹುಳದ್ದೇ ಮಾತು. ಕಾಲು ಕೆಂಡದಂತೆ ಕಾದಿತ್ತು. ಸೀರೆ ದಾಟಿ ನನ್ನ ತೊಡೆಗೆ ಬಿಸಿ ತಾಕುತ್ತಿತ್ತು.

ಡಾಕ್ಟರು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಧೈರ್ಯ ಬರುತ್ತಿತ್ತು. “ಎರಡು ಬೆರಳು ಹೋಗುತ್ತೆ. ಅಲ್ಲಿಗೇ ನಿಂತ್ರೆ ಪುಣ್ಯ. ಮೇಲಕ್ಕೆ ಹತ್ತಿದ್ರೆ ಮೊಣಕಾಲ ಕೆಳಗೆ ಕತ್ತರಿಸ್ಬೇಕು.”

ಬೆರಳು ತೆಗೆದರು. ಸಕ್ಕರೆ ಇಳಿಸಲು ಸೂಜಿ ಶುರುಮಾಡಿದರು. ಆಮೇಲೆ ದಿನಾ ಬೆಳಿಗ್ಗೆ ಗಾಯದ ಬಟ್ಟೆ ಬಿಚ್ಚುತ್ತಿದ್ದರು. ಇವರು ಸೂರು ನೋಡುತ್ತಾ “ಎಲ್ಲಿವರೆಗೆ ಬಂತೇ?” ಎಂದು ಕೇಳುತ್ತಿದ್ದರು. ನಾನು ಗಾಯದ ಅಂಚು ನೋಡುತ್ತಿದ್ದೆ. ಒಂದು ದಿನ ಕಪ್ಪು ಮುಂದೆ ಸರಿದಂತೆ ಕಂಡಿತು. “ಅಲ್ಲೇ ಇದೆ,” ಅಂದೆ.

ಕೊನೆಗೊಂದು ಬೆಳಿಗ್ಗೆ ನರ್ಸಮ್ಮ ಗಾಯ ಒರೆಸುತ್ತಿದ್ದಾಗ ಹಸಿ ರಕ್ತ ಒಸರಿತು. ನಾನು ಕಿರುಚಿದೆ. ಡಾಕ್ಟರು ಬಗ್ಗಿ ನೋಡಿ, “ಅರಚ್ಬೇಡಮ್ಮ. ರಕ್ತ ಓಡ್ತಾ ಇದೆ, ಒಳ್ಳೇದು. ಕಾಲು ಉಳೀತು,” ಅಂದರು.

ಅವತ್ತೇ ಮಧ್ಯಾಹ್ನ ಊರಿನವರೊಬ್ಬರು ಸಂತೆಗೆ ಬಂದವರು ಸುದ್ದಿ ಹೇಳಿ ಹೋದರು. ಅರ್ಧಕ್ಕರ್ಧ ಹುಳ ಚಂದ್ರಿಕೆ ಹತ್ತದೆ ತಟ್ಟೆಯಲ್ಲೇ ಹಾಳಾಗಿದ್ದವಂತೆ. ಒಂದು ಸುಳ್ಳು ಹೇಳಿದ್ದೇ ಸಾಕಾಗಿತ್ತು, ಇದನ್ನು ಇವರಿಗೆ ಇದ್ದ ಹಾಗೇ ಹೇಳಿದೆ.

“ಅಮ್ಮ ಒಬ್ಬಳೇ ಆರಿಸಿದ್ಲಾ?”

“ಒಬ್ಬರೇ. ಯಾರನ್ನೂ ಒಳಗೆ ಬಿಡಲಿಲ್ವಂತೆ.”

ಅವರು ಗೋಡೆ ಕಡೆ ತಿರುಗಿ ಮಲಗಿದರು. ಇನ್ನೊಂದು ಪಾದ ಹೊದಿಕೆಯ ಹೊರಗಿತ್ತು. ಅದರ ಅಂಗಾಲನ್ನು ಬೆಳಕಿಗೆ ತಿರುಗಿಸಿ, ಬೆರಳ ಸಂದಿ ಸಂದಿಯನ್ನೂ ಬಿಡಿಸಿ ನೋಡಿದೆ.