ಹೊಸ್ತಿಲು ಕಾಯುತ್ತಿದ್ದ ಕಾಕು

ಬೆಣ್ಣಿಹಳ್ಳ ತುಂಬಿತೆಂದರೆ ಬಾಜೂ ಮನೆಯ ಕಾಕುಗೆ ಹೊಸ್ತಿಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎರಿ ಮಣ್ಣಿಗೆ ಸಗಣಿ ಕಲಸಿ ಬಾಗಿಲಿಗೆ ಮೊಣಕಾಲೆತ್ತರದ ಒಡ್ಡು ಕಟ್ಟುವಳು. ಒಳಗೆ ಕೂತು ಅದನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುವಳು. ಬಾಯಲ್ಲಿ ಒಂದೇ ಮಾತು: “ಹೊಸ್ತಲ ನೋಡ್ರಬೇ, ಹೊಸ್ತಲ.”

ಒಂದು ವರ್ಷ ಹಳ್ಳ ಉಕ್ಕಿ ನಮ್ಮ ಮನೆಯ ಗೋಡೆ ನೆನೆದು ಬಿರಿದಾಗ ಮಗುವನ್ನೆತ್ತಿಕೊಂಡು ಆಕೆಯ ಮನೆಗೆ ಓಡಿದೆ. ಕಾಕು ನಡುಮನೆಯಲ್ಲಿ ಜಮಖಾನ ಹಾಸಿದಳು. “ಇಲ್ಲೇ ಕುಂದರಬೇ, ಬಾಗಲಕ್ಕ ದೂರ ಐತಿ” ಎಂದು ಮತ್ತೆ ಒಡ್ಡಿನ ಹತ್ತಿರ ಹೋದಳು. ಕರಿ ನೀರು ಅಂಗಳಕ್ಕೆ ಬಂದು ಒಡ್ಡಿಗೆ ತಾಗಿ ನಿಂತಿತು. ಒಂದು ಹನಿಯೂ ಒಳಗೆ ಬರಲಿಲ್ಲ.

ನನ್ನ ಸೀರೆ ಒದ್ದೆಯಾಯಿತು. ಮಗು ಉಚ್ಚೆ ಹೊಯ್ದಿತೆಂದು ಮುಟ್ಟಿದೆ. ತಣ್ಣಗಿತ್ತು. ಕೆಳಗೆಲ್ಲೋ ಗುಳುಗುಳು ಸದ್ದು.

“ಕಾಕೂ, ನೆಲಾ ಒದ್ದಿ ಆಗೇತಿ.”

ಆಕೆ ತಿರುಗಿದಳು. ಮುಖದ ಬಣ್ಣವೇ ಇಳಿದುಹೋಯಿತು. “ಏಳಬೇ! ಹಗೇವ ಐತಿ ಅಲ್ಲಿ!”

ಆಕೆಯ ಅತ್ತೆಯ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಆಳದ ಗುಂಡಿ ಅದು. ಬಾಯಿಗೆ ಹಲಗೆ ಮುಚ್ಚಿ, ಮೇಲೆ ಸಾರಿಸಿ, ಮನೆಯವರೆಲ್ಲ ಮರೆತೇಬಿಟ್ಟಿದ್ದರು. ಕಾಕು ಓಡಿಬಂದು ನನ್ನ ರಟ್ಟೆ ಹಿಡಿದು ಎಳೆದಳು. ನಾವು ಗೋಡೆಗೆ ಆತು ನಿಲ್ಲುವಷ್ಟರಲ್ಲಿ ಜಮಖಾನ ನಡುವೆ ಕುಸಿಯಿತು. ಅದರ ಮೇಲೆ ಕರಿ ನೀರು ಏರತೊಡಗಿತು.

ಮುಂದಿನ ಮಳೆಗಾಲಗಳಲ್ಲೂ ಕಾಕು ಒಡ್ಡು ಕಟ್ಟಿದಳು. ಆದರೆ ಕಟ್ಟಿ ಮುಗಿಸಿ ಬಾಗಿಲಿಗೆ ಬೆನ್ನು ಮಾಡಿ, ನೆಲಕ್ಕೆ ಅಂಗೈ ಊರಿ ಕೂರುತ್ತಿದ್ದಳು. ಮನೆಗೆ ಬಂದ ಯಾರಿಗೂ ‘ಕುಂದರ್ರಿ’ ಅನ್ನುತ್ತಿರಲಿಲ್ಲ.