ಲಿಮಿ ಆರಿಸಿಕೊಟ್ಟ ಬಿಡಾರ

ಸೆರೆಂಗೆಟಿ ಕಾಡು ನೋಡಲು ಬಂದವರನ್ನು ಎಲ್ಲಿ ಮಲಗಿಸಬೇಕು ಎಂಬುದರಲ್ಲಿ ಲಿಮಿ ಮಲಾಲೆಯನ್ನು ಮೀರಿಸುವವರು ಮ್ವಾಂಜಾ ಪಟ್ಟಣದಲ್ಲಿ ಇರಲಿಲ್ಲ. ಅವಳು ಕಾಡಿನಂಚಿನ ನಮ್ಮೂರು ಲಮಾದಿಯ ಶಾಲೆಯಲ್ಲಿ ನನ್ನ ಬಳಿ ಓದಿದವಳು. ಲೆಕ್ಕದಲ್ಲಿ ಅಷ್ಟಕ್ಕಷ್ಟೆ. ಆದರೆ ಯಾರ ಪಕ್ಕ ಯಾರು ಕೂತರೆ ಜಗಳವಾಗುವುದಿಲ್ಲ ಎಂದು ಅವಳನ್ನು ಕೇಳಿಯೇ ನಾನು ಮಕ್ಕಳನ್ನು ಬೆಂಚುಗಳಲ್ಲಿ ಕೂರಿಸುತ್ತಿದ್ದೆ.

ಹತ್ತು ವರ್ಷ ಅವಳು ಕಾಡಿನ ಡೇರೆಗಳಲ್ಲಿ ಹಾಸಿಗೆ ಹಾಸಿದಳು, ಸ್ನಾನಕ್ಕೆ ಬಿಸಿನೀರು ಹೊತ್ತಳು. ಆಮೇಲೆ ಪ್ರವಾಸದ ಕಚೇರಿಯೊಂದಕ್ಕೆ ಸೇರಿದಳು. ಅಲ್ಲಿ ಬಂದವರ ಮುಂದೆ ಮೊದಲಿಗೇ ಚಿತ್ರದ ಪುಸ್ತಕ ಬಿಚ್ಚುತ್ತಿರಲಿಲ್ಲ. ಚಹಾ ಕೊಟ್ಟು ಕೇಳುತ್ತಿದ್ದಳು: “ಬೆಳಗಾಗೋದ್ರೊಳಗೆ ಎಷ್ಟು ಸಲ ಏಳ್ತೀರಿ? ಮನೇಲಿ ಗೊರಕೆ ಯಾರ್ದು? ಹಲ್ಲಿ ಕಂಡ್ರೆ ಕೂಗ್ತೀರಾ?”

ಹಲ್ಲಿಗೆ ಕೂಗುವವರಿಗೆ ಗುಡ್ಡದ ಮೇಲಿನ ಕಲ್ಲಿನ ಲಾಡ್ಜು. ಮೊಣಕಾಲು ನೋವಿನವರಿಗೆ ಮರದ ಮೇಲಿನ ಮನೆ ಇಲ್ಲವೇ ಇಲ್ಲ, ಎಷ್ಟು ಗೋಗರೆದರೂ. ಸಿಂಹದ ದನಿ ಕೇಳುತ್ತ ಮಲಗಬೇಕೆನ್ನುವವರಿಗೆ ಬಟ್ಟೆಯ ಗೋಡೆ. ಪ್ರಾಣಿಗಳ ಹಿಂಡು ಹೋದತ್ತ ತಾವೂ ಹೋಗಬೇಕೆನ್ನುವ ಗಟ್ಟಿಗರಿಗೆ, ಆಗಾಗ ಕಿತ್ತು ಬೇರೆಡೆ ಹೂಡುವ ಬಿಡಾರ. ತಾವು ಬಹಳ ಧೈರ್ಯವಂತರೆಂದು ಎರಡು ಸಲ ಹೇಳಿಕೊಂಡ ಗಂಡಸರನ್ನು ಮಾತ್ರ ಅಡುಗೆಯವರ ಪಕ್ಕದ ಡೇರೆಯಲ್ಲಿ ಇಡುತ್ತಿದ್ದಳು.

ಇಷ್ಟು ಬಲ್ಲವಳೂ ಒಮ್ಮೆ ಎಡವಿದಳು. ಅದೂ ನಮ್ಮ ಸುಕುಮಾ ಜನರ ವಿಷಯದಲ್ಲೇ.

ಮುಹೋಜಾ ಎಂಬವನು ಮ್ವಾಂಜಾದ ಸರೋವರದಲ್ಲಿ ಓಡುವ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಅವನ ಹೆಂಡತಿ ಕಬುಲಾ. ಕಬುಲಾಳ ತಾಯಿ ಹೋಲೋ ಅಜ್ಜಿ ಲಮಾದಿಯಲ್ಲಿ ನಮ್ಮ ನೆರೆಯವಳು. ಕಾಡಿನ ಗೇಟಿನೊಳಗೆ ಹೋಗುವ ಗಾಡಿಗಳನ್ನು ಅರವತ್ತು ವರ್ಷ ನೋಡಿದ್ದಳು, ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. “ಸಾಯೋದ್ರೊಳಗೆ ಆ ಗೇಟಿನ ಆಚೆ ಏನಿದೆ ನೋಡ್ಬೇಕು” ಎನ್ನುತ್ತಿದ್ದಳು. ಒಂದು ಜೂನಿನಲ್ಲಿ ಅಳಿಯ ಲಿಮಿಯ ಬಳಿ ಹೋಗಿ, “ಅತ್ತೆಗೆ ಮೂರು ದಿನ ಕಾಡು ತೋರಿಸ್ಬೇಕು. ಇರೋದ್ರಲ್ಲೇ ಒಳ್ಳೇ ಮನೆ ಕೊಡು” ಎಂದ. ಲಿಮಿ ಸಂತೋಷದಿಂದ ಕಲ್ಲಿನ ಲಾಡ್ಜಿನಲ್ಲಿ ಇಡೀ ಸಂಸಾರಕ್ಕೆಂದೇ ಕಟ್ಟಿದ ಮನೆಯನ್ನು ಗೊತ್ತುಮಾಡಿದಳು. ಎರಡು ಕೋಣೆ, ನಡುವೆ ಪಡಸಾಲೆ. ಹೊರದೇಶದ ಸಂಸಾರಗಳು ಅದಕ್ಕಾಗಿ ಕಾದು ಕೂರುತ್ತಿದ್ದವು.

ಹೊರಡಲು ನಾಲ್ಕು ದಿನವಿರುವಾಗ ಕಬುಲಾ ಕಚೇರಿಗೆ ಓಡಿಬಂದಳು. ಅವ್ವ ಬರುವುದಿಲ್ಲ ಎನ್ನುತ್ತಿದ್ದಾಳೆ! ಲಿಮಿ ಮರುದಿನವೇ ಬಸ್ಸು ಹತ್ತಿ ಲಮಾದಿಗೆ ಬಂದಳು. ಅಜ್ಜಿಯ ಅಂಗಳದಲ್ಲಿ ನಾನೂ ಇದ್ದೆ.

“ಮೊಣಕಾಲು ನೋವು ಕಣೆ” ಎಂದಳು ಅಜ್ಜಿ.

“ಹೋದ ವಾರ ಮೇಕೆ ಹಿಂದೆ ಓಡಿದ್ರಂತೆ?”

“ಓಡುವಾಗ ನೋಯ್ಲಿಲ್ಲ. ನಿಂತ್ಮೇಲೆ ನೋಯ್ತು.”

“ಅಲ್ಲಿ ಮೆಟ್ಟಿಲೇ ಇಲ್ಲ ಅಜ್ಜಿ. ಅರಮನೆ ಇದ್ದ ಹಾಗಿದೆ.”

ಅಜ್ಜಿ ಒಣಗೆಣಸು ಕಡಿಯುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು: “ಆ ಅರಮನೆಗೆ ಸೂರು ಎಷ್ಟು?”

“ಒಂದೇ...” ಎಂದ ಲಿಮಿ ನಾಲಿಗೆ ಕಚ್ಚಿಕೊಂಡಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ನಮ್ಮಲ್ಲಿ ಅತ್ತೆ ಮಲಗಿದ ಸೂರಿನ ಕೆಳಗೆ ಅಳಿಯ ಮಲಗುವುದಿಲ್ಲ, ಎದುರುಬದುರು ಕೂತು ಉಣ್ಣುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ಇದು ಹಗೆಯಲ್ಲ, ಮರ್ಯಾದೆ. ಇದನ್ನು ತಾಯಿಯ ಹಾಲಿನೊಂದಿಗೆ ಕುಡಿದ ಲಿಮಿ, ಪರದೇಶದವರ ಹಾಸಿಗೆ ಹಾಸಿ ಹಾಸಿ ಮರೆತುಬಿಟ್ಟಿದ್ದಳು.

“ಹುಡುಗ ಪ್ರೀತಿಯಿಂದ ಕರೆದಿದಾನೆ. ಇದನ್ನ ಹೇಳಿದ್ರೆ ನಾಚಿಕೊಳ್ತಾನೆ. ಮೊಣಕಾಲಿನ ಮೇಲೆ ಹಾಕೋದೇ ವಾಸಿ” ಎಂದಳು ಅಜ್ಜಿ.

“ನಿಮ್ಮ ಮೊಣಕಾಲು ಮನೇಲೇ ಇರ್ಲಿ, ನೀವು ಬನ್ನಿ. ಸೂರಿನ ಯೋಚನೆ ನಂಗೆ ಬಿಡಿ.”

ಅಜ್ಜಿ ನಕ್ಕಳೇ ಹೊರತು ಹೂಂ ಎನ್ನಲಿಲ್ಲ.

ಲಾಡ್ಜಿನ ಉಳಿದ ಕೋಣೆಗಳೂ ಒಂದೇ ಉದ್ದನೆಯ ಸೂರಿನಡಿ ಇದ್ದವು. ಹಾಗಾಗಿ ಲಿಮಿ ಮ್ವಾಂಜಾಕ್ಕೆ ಮರಳಿ, ಕಾಡಿನೊಳಗಿನ ಗ್ರುಮೆಟಿ ಹೊಳೆಯ ಪಕ್ಕದ ಡೇರೆಗಳನ್ನು ಅಳಿಯನಿಗೆ ಸೂಚಿಸಿದಳು. ಮುಹೋಜಾ ಸಿಡಿದೆದ್ದ.

“ನನ್ನತ್ತೆನ ಡೇರೆಲಿ ಮಲಗಿಸ್ಲಾ? ದನ ಕಾಯೋರ ಹಾಗೆ? ಊರೋರು ಉಗೀತಾರೆ!”

“ಕಲ್ಲಿನ ಮನೇಲಿ ಅವರು ಆ ಕೋಣೇಲಿ, ನೀನು ಈ ಕೋಣೇಲಿ. ಕೆಮ್ಮು ಬಂದ್ರೆ ಏನ್ಮಾಡ್ತಿದ್ದೆ ಹೇಳಪ್ಪ.”

ಅವನಿಗೆ ಆಗ ಹೊಳೆಯಿತು. ಮುಖ ಸಣ್ಣದಾಯಿತು. “ನುಂಗ್ತಿದ್ದೆ.”

“ಮೂರು ದಿನಾನೂ?”

ಮುಹೋಜಾ ತಲೆ ಕೆರೆದುಕೊಂಡ. “ಮೂರು ದಿನ ಆಗ್ತಿರ್ಲಿಲ್ಲ ಬಿಡು. ಅಲ್ಲಿ ಮಂಚ ಇರುತ್ತಾ?”

“ನಿಮ್ಮನೇದಕ್ಕಿಂತ ದೊಡ್ಡದು. ಅತ್ತೆಗೊಂದು ಸೂರು, ನಿನಗೊಂದು ಸೂರು.”

“ಕಬುಲಾ ಯಾವ ಸೂರಲ್ಲಿ?”

“ಅವರವ್ವನ ಜೊತೆ. ನೀನು ಒಬ್ಬನೇ ಕೆಮ್ಕೊಂಡಿರು.”

ಸೂರು ಬೇರೆ ಬೇರೆ ಎಂದು ಕೇಳಿದ ಮೇಲೆ ಅಜ್ಜಿ ಹೂಂ ಎಂದಳು. ತಪ್ಪು ತನ್ನದೆಂದು ಲಿಮಿ ತಾನೂ ಅವರ ಜೊತೆ ಹೊರಟಳು. ಮೊದಲ ಡೇರೆ ಅಜ್ಜಿಗೆ, ಹೊಳೆಯ ಕಡೆ ಬಾಗಿಲು. ಕೊನೆಯದು, ನೀರಿನ ತೊಟ್ಟಿಯ ಆಚೆಯದು, ಅಳಿಯನಿಗೆ. ಊಟ ಬೇರೆ ಬೇರೆ ಹೊತ್ತಿಗೆ. ಗಾಡಿ ಮಾತ್ರ ಒಂದೇ. ಅಜ್ಜಿಯನ್ನು ಡ್ರೈವರನ ಪಕ್ಕ ಕೂರಿಸಿ, ಅಳಿಯನನ್ನು ಕೊನೆಯ ಸೀಟಿಗೆ ಹತ್ತಿಸಿದಳು. ಕಬುಲಾ ಆಮೇಲೆ ನನಗೆ ಹೇಳಿದಳು: “ಅವ್ವ ಜಿರಾಫೆ ಕಂಡು, ‘ನಿನ್ನ ಗಂಡನಿಗೆ ಬಲಗಡೆ ನೋಡು ಅನ್ನೇ’ ಅಂತಾಳೆ ಮೇಷ್ಟ್ರೇ. ಇವರಿಗೆ ಕೇಳ್ಸಿರುತ್ತೆ. ಆದ್ರೂ ನಾನು ತಿರುಗಿ ಹೇಳೋವರೆಗೂ ಎಡಗಡೆನೇ ನೋಡ್ತಾ ಕೂತಿರ್ತಾರೆ. ಅಷ್ಟೊತ್ತಿಗೆ ಜಿರಾಫೆ ಹೋಗಿರುತ್ತೆ!”

ಮೊದಲ ರಾತ್ರಿ ಕಳೆದ ಬೆಳಗ್ಗೆ ಲಿಮಿ ಅಳುಕುತ್ತಲೇ ಡೇರೆಯ ಹತ್ತಿರ ಹೋದಳಂತೆ. ಅಜ್ಜಿ ಹೊರಗೆ ಕುರ್ಚಿಯಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು.

“ನಿದ್ದೆ ಬಂತಾ ಅಜ್ಜಿ?”

“ಯಾವುದೋ ಪ್ರಾಣಿ ಹೊರಗೆ ಹುಲ್ಲು ಮೇಯ್ತಿತ್ತು. ನನ್ನ ಮನೆ ಪಕ್ಕ ತಾನೆ, ಮೇಯ್ಲಿ ಅಂತ ಮಗ್ಗಲು ಬದಲಾಯಿಸಿದೆ. ಮೂರು ದಿನದ ಮೇಲೆ ಇನ್ನೊಂದು ದಿನ ಇರೋಕಾಗುತ್ತಾ ಕೇಳು.”

ಇನ್ನೊಂದು ದಿನ ಆಗಲಿಲ್ಲ. ಆದರೆ ಮರುವರ್ಷ ಅಳಿಯ ಅದೇ ಡೇರೆಗಳನ್ನು ತಾನೇ ಕೇಳಿ ಪಡೆದ.

ಅಂದಿನಿಂದ ಲಿಮಿ ಎಂಥ ದೊಡ್ಡ ದೇಶದವರು ಬಂದರೂ ಚಹಾ ಕೊಟ್ಟ ಕೂಡಲೇ ಕೇಳುತ್ತಾಳೆ: “ಜೊತೇಲಿ ಅತ್ತೆ ಇದಾರಾ?” ಹೆಚ್ಚಿನವರು ನಗುತ್ತಾರೆ. ಹಾಲೆಂಡಿನ ಗಂಡಸೊಬ್ಬ ಮಾತ್ರ ನಗದೆ, ಡೇರೆಗಳ ನಡುವೆ ಎಷ್ಟು ದೂರ ಇಡಬಹುದು ಎಂದು ಕೇಳಿದನಂತೆ. ನೂರು ಹೆಜ್ಜೆ ಎಂದಾಗ, ಎದ್ದು ನಿಂತು ಎರಡೂ ಕೈಯಿಂದ ಅವಳ ಕೈ ಕುಲುಕಿದ.